ರೈಲುಬೋಗಿ ನೆನಪಿದೆ, 50 ಮಕ್ಕಳ ಲೆಕ್ಕ ಮರೆತಿದೆ

ಶಿಕ್ಷಕರ ದಿನಾಚರಣೆ ಹತ್ತಿರ ಬಂತೆಂದರೆ ಎಲ್ಲರಿಗೂ ತೊತ್ತೊ-ಚಾನ್ ನೆನಪಾಗುತ್ತಾಳೆ. ರೈಲುಬೋಗಿಯೊಳಗಿನ ತರಗತಿ, ಪುಟ್ಟ ಹುಡುಗಿಯ ಮಾತನ್ನು ನಾಲ್ಕು ಗಂಟೆ ಕೂತು ಕೇಳಿದ ಹೆಡ್‌ಮಾಸ್ತರು. ಟೋಕಿಯೊದ ಜಿಯುಗಾವೊಕದಲ್ಲಿ ಕೊಬಾಯಾಶಿ ಸೊಸಾಕು ನಡೆಸುತ್ತಿದ್ದ ತೊಮೊಯೆ ಶಾಲೆ ಅದು. ಯುದ್ಧದ ಕೊನೆಯ ವರ್ಷ, 1945ರ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು. ಅಲ್ಲಿ ಓದಿದ ತೆತ್ಸುಕೊ ಕುರೊಯಾನಾಗಿ, ಅಂದರೆ ಆ ಪುಟ್ಟ ತೊತ್ತೊ-ಚಾನ್, ದೊಡ್ಡವರಾದ ಮೇಲೆ 1981ರಲ್ಲಿ ಪುಸ್ತಕ ತಂದರು, ಅದು ಕನ್ನಡಕ್ಕೂ ಬಂದು ಬಹಳ ವರ್ಷವಾಯಿತು. ನಮ್ಮಲ್ಲೂ ಈಗ ಸರ್ಕಾರಿ ಶಾಲೆಯ ಗೋಡೆಗೆ ರೈಲುಬೋಗಿಯ ಚಿತ್ರ ಬರೆಸುತ್ತಾರೆ. ಚೆನ್ನಾಗಿ ಕಾಣುತ್ತದೆ, ತಕರಾರಿಲ್ಲ.

ಆದರೆ ಅದೇ ಪುಸ್ತಕದಲ್ಲಿ ಇರುವ ಲೆಕ್ಕಗಳನ್ನು ಯಾರೂ ಎತ್ತುವುದಿಲ್ಲ. ಇಡೀ ಶಾಲೆಗೆ ಸುಮಾರು 50 ಮಕ್ಕಳು. ತೊತ್ತೊ-ಚಾನ್ ಸೇರಿದ ಒಂದನೇ ತರಗತಿಯಲ್ಲಿ 9 ಜನ. ಬೆಳಿಗ್ಗೆ ಬಂದ ಟೀಚರು ಅವತ್ತಿನ ಎಲ್ಲ ವಿಷಯಗಳ ಪ್ರಶ್ನೆಗಳನ್ನೂ ಬೋರ್ಡಿನ ಮೇಲೆ ಬರೆದುಬಿಡುತ್ತಿದ್ದರು. ಒಬ್ಬ ಲೆಕ್ಕದಿಂದ ಶುರು, ಇನ್ನೊಬ್ಬಳು ಚಿತ್ರದಿಂದ, ಮತ್ತೊಬ್ಬ ಬರವಣಿಗೆಯಿಂದ. ಯಾವ ಮಗು ಯಾವುದನ್ನು ಮೊದಲು ಎತ್ತಿಕೊಳ್ಳುತ್ತದೆ, ಯಾವುದನ್ನು ಸಂಜೆಗೆ ತಳ್ಳುತ್ತದೆ ಎನ್ನುವುದು ಟೀಚರಿಗೆ ಕೂತಲ್ಲೇ ಗೊತ್ತಾಗುತ್ತಿತ್ತು. ಊಟದ ಡಬ್ಬಿಯಲ್ಲಿ ‘ಸಮುದ್ರದ್ದೊಂದು, ಗುಡ್ಡದ್ದೊಂದು’ ಇರಬೇಕು ಎಂಬುದು ನಿಯಮ. ಹೆಡ್‌ಮಾಸ್ತರರ ಹೆಂಡತಿ ಎರಡು ಪಾತ್ರೆ ಹಿಡಿದು ಹಿಂದೆಯೇ ಬರುತ್ತಿದ್ದರು. ಸಮುದ್ರದ್ದು ಇಲ್ಲದವನಿಗೆ ಮೀನಿನ ತುಂಡು, ಗುಡ್ಡದ್ದು ಇಲ್ಲದವನಿಗೆ ಆಲೂಗಡ್ಡೆ. ನಿಯಮ ಮಾಡಿದ್ದು ಗಂಡ, ಅದನ್ನು ನಡೆಸಿದ್ದು ಹೆಂಡತಿಯ ಆ ಎರಡು ಪಾತ್ರೆ. ಇಂಥದ್ದನ್ನು 300 ಮಕ್ಕಳ ಶಾಲೆಯಲ್ಲಿ ಮಾಡಬೇಕಾದರೆ ಎಷ್ಟು ಕೈ ಬೇಕು ಎಂದು ಲೆಕ್ಕ ಹಾಕದೆ ಬರೀ ಬೋಗಿಯ ಚಿತ್ರ ಬರೆಸಿದರೆ ಬಣ್ಣದ ಖರ್ಚು ಮಾತ್ರ.

ನನ್ನ ಮಾತು ಇಷ್ಟೇ. ಬೇರೆ ದೇಶದ ಶಾಲೆಗಳ ಬಗ್ಗೆ ಬಂದ ಪುಸ್ತಕಗಳನ್ನು ನಾವು ಕಾದಂಬರಿಯ ಹಾಗೆ ಓದಿ ಕಣ್ಣೊರೆಸಿಕೊಂಡು ಮುಚ್ಚಿಡುತ್ತೇವೆ. ಅವುಗಳನ್ನು ಅಡುಗೆ ಪುಸ್ತಕದ ಹಾಗೆ ಓದಬೇಕು. ಎಷ್ಟು ಮಂದಿಗೆ, ಎಷ್ಟು ಹೊತ್ತು, ಯಾವ ಸಾಮಾನು, ಎಲ್ಲಿ ತಳ ಹಿಡಿಯಿತು.

ಸಾಮಾನಿನ ವಿಷಯಕ್ಕೆ ಬ್ರೆಜಿಲ್‌ನ ಶಿಕ್ಷಣ ಚಿಂತಕ ಪಾವ್ಲೊ ಫ್ರೇರಿ ಒಳ್ಳೆಯ ಉದಾಹರಣೆ. 1963ರಲ್ಲಿ ಅಂಜಿಕೊಸ್ ಎಂಬ ಸಣ್ಣ ಊರಲ್ಲಿ ಸುಮಾರು 300 ಕೂಲಿಕಾರರಿಗೆ 40 ಗಂಟೆಗಳಲ್ಲಿ ಓದು-ಬರಹ ಕಲಿಸಿದ್ದು ಅವರ ದೊಡ್ಡ ಪ್ರಯೋಗ. ನಮ್ಮ ಸಾಕ್ಷರತಾ ಭಾಷಣಗಳಲ್ಲಿ ಈ 40 ಗಂಟೆ ಆಗಾಗ ಬರುತ್ತದೆ, ಅದು ಹೇಗೆ ಸಾಧ್ಯವಾಯಿತು ಎನ್ನುವುದು ಬರುವುದಿಲ್ಲ. ಮೊದಲನೆಯದಾಗಿ, ಆಗ ಬ್ರೆಜಿಲ್‌ನಲ್ಲಿ ಓದು ಬಾರದವರಿಗೆ ಮತದ ಹಕ್ಕಿರಲಿಲ್ಲ. ಅದು ಸಿಕ್ಕಿದ್ದು 1985ರಲ್ಲಿ. ಅಕ್ಷರ ಕಲಿತರೆ ಓಟು ಕೈಗೆ ಬರುತ್ತದೆ. ಆ ಹಸಿವು ನಮ್ಮ ರಾತ್ರಿಶಾಲೆಯಲ್ಲಿ ಇರಲಿಲ್ಲ, ಇಲ್ಲಿ ಹೆಬ್ಬೆಟ್ಟಿನವರಿಗೂ ಮೊದಲ ಚುನಾವಣೆಯಿಂದಲೇ ಓಟಿತ್ತು. 1964ರ ಸೇನಾ ದಂಗೆಯಾದ ಮೇಲೆ ಫ್ರೇರಿಯನ್ನು ಜೈಲಿಗೆ ಹಾಕಿ ಆಮೇಲೆ ದೇಶ ಬಿಡಿಸಿದ್ದರ ಹಿಂದೆಯೂ ಈ ಓಟಿನ ಲೆಕ್ಕ ಇತ್ತು.

ಎರಡನೆಯದು ಲಿಪಿ. ಅವರ ಪ್ರಸಿದ್ಧ ಪದ ‘ತಿಜೊಲೊ’, ಅಂದರೆ ಇಟ್ಟಿಗೆ. ಮೊದಲು ಇಟ್ಟಿಗೆ ಕೆಲಸದ ಚಿತ್ರ ತೋರಿಸಿ ಮಾತು: ಯಾರ ಮನೆಗೆ, ಯಾರ ಕೂಲಿ. ಆಮೇಲೆ ಪದವನ್ನು ತಿ-ಜೊ-ಲೊ ಎಂದು ಒಡೆಯುವುದು. ಪ್ರತಿ ತುಂಡಿಗೂ ಐದು ಸ್ವರಗಳ ಸಾಲು: ತ-ತೆ-ತಿ-ತೊ-ತು, ಹೀಗೆ ಮೂರು ಸಾಲು. ಒಟ್ಟು 15 ತುಂಡು ಒಂದೇ ಹಾಳೆಯ ಮೇಲೆ. ಆ ತುಂಡುಗಳನ್ನು ಜೋಡಿಸಿ ಕೂಲಿಕಾರರೇ ಹೊಸ ಪದ ಕಟ್ಟುತ್ತಾರೆ. ‘ಲುತ’ ಅಂದರೆ ಹೋರಾಟ, ‘ಲೊಜ’ ಅಂದರೆ ಅಂಗಡಿ. ಅಯ್ಯೋ, ಇದು ನಮ್ಮ ಕಾಗುಣಿತ ಅಲ್ಲವೇ ಅನ್ನಿಸಿದರೆ ಸರಿಯಾಗಿಯೇ ಅನ್ನಿಸಿದೆ.

ಹಾಗೆಂದು ಆ ಹಾಳೆಯನ್ನು ನೇರ ಕನ್ನಡಕ್ಕೆ ಇಳಿಸಿದರೆ ಮೊದಲ ದಿನವೇ ಕೆಡುತ್ತದೆ. ‘ಇಟ್ಟಿಗೆ’ಯಲ್ಲಿ ನಡುವೆ ಒತ್ತಕ್ಷರ ಕೂತಿದೆ, ಹೊಸಬರ ಕಣ್ಣಿಗೆ ಅದು ಗಂಟು. ಬದಲಿಗೆ ‘ಪಗಾರ’ ತೆಗೆದುಕೊಳ್ಳಿ: ಪ-ಗಾ-ರ, ಒತ್ತಿಲ್ಲ, ವಿಷಯವೂ ಬಿಸಿ. ಆದರೂ ಇನ್ನೊಂದು ತೊಡಕು. ಅವರದು ಸಾಲಿಗೆ ಐದು, ನಮ್ಮ ಕಾಗುಣಿತ ಸಾಲಿಗೆ ಹದಿನೈದು. ಮೂರು ಸಾಲಿಗೆ 45 ರೂಪ, ಒಂದು ರಾತ್ರಿಯ ತರಗತಿಗೆ ಇದು ಅಜೀರ್ಣ. ಹಾಗಾಗಿ ಮೊದಲ ಹಾಳೆಯಲ್ಲಿ ತಲೆಕಟ್ಟು, ಇಳಿ, ಗುಡಿಸು, ಕೊಂಬು ಇಷ್ಟೇ ಇಟ್ಟು 12 ರೂಪಕ್ಕೆ ನಿಲ್ಲಿಸಬೇಕು. ಪರ, ಗರಿ, ಪಾಪು, ಗುರು, ಗಾಳಿಯ ‘ಗಾ’ ಎಲ್ಲ ಅಲ್ಲೇ ಸಿಗುತ್ತವೆ. ದೀರ್ಘ, ಏತ್ವ, ಓತ್ವ ಮುಂದಿನ ವಾರಕ್ಕೆ.

ಎರವಲು ತಂದಿದ್ದನ್ನು ಹೀಗೆ ಕತ್ತರಿಸಿ ಹೊಲಿದುಕೊಂಡ ಉದಾಹರಣೆ ನಮ್ಮಲ್ಲೇ ಇದೆ. ಸರ್ಕಾರಿ ಶಾಲೆಯ ಚಿಕ್ಕ ತರಗತಿಗಳಿಗೆಂದು 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿ ಪದ್ಧತಿಗೆ ಮೂಲ ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಚಟುವಟಿಕೆ ಕಾರ್ಡು ಮತ್ತು ಕಲಿಕೆಯ ಹಂತಗಳನ್ನು ಮೆಟ್ಟಿಲಾಗಿ ಜೋಡಿಸಿದ ಏಣಿ. ಏಣಿಯನ್ನು ತಂದರು, ಆದರೆ ಮೆಟ್ಟಿಲು ಕನ್ನಡದ್ದು. ಅ-ಆ-ಇ-ಈ ಬಿಟ್ಟು ರ-ಗ-ಸ-ದ-ಅ ಇಂದ ಆರಂಭ. ವರ್ಣಮಾಲೆಯ ಮೊದಲ ಐದು ಅಕ್ಷರ ಕಲಿತ ಮಗು ‘ಆ’, ‘ಈ’ ಬಿಟ್ಟರೆ ಬೇರೆ ಪದ ಓದಲಾರದು. ಈ ಐದು ಕಲಿತ ಮಗು ಸರ, ಅರಸ, ಅಗಸ, ದಸರ, ಗದಗ ಎಲ್ಲ ಓದುತ್ತದೆ. ಬಸ್ಸಿನ ಬೋರ್ಡಿನಲ್ಲಿ ‘ಗದಗ’ ಓದಿ ಕೂಗುವ ಆರು ವರ್ಷದ ಮಗುವನ್ನು ನೋಡಿದವರಿಗೆ ಈ ಕ್ರಮದ ಬೆಲೆ ವಿವರಿಸಬೇಕಿಲ್ಲ. ಅದೇ ನಲಿ-ಕಲಿ ಕೆಲವೆಡೆ ಸೊರಗಿದ್ದಕ್ಕೂ ಕಾರಣ ಸಾಮಾನಿನದ್ದೇ: ಕಾರ್ಡು ಕಳೆದರೆ, ಹರಿದರೆ ಏಣಿಯ ಮೆಟ್ಟಿಲೇ ಇಲ್ಲವಾದ ಹಾಗೆ. ಮಗು ನಿಂತಲ್ಲೇ ನಿಲ್ಲುತ್ತದೆ.

ಇನ್ನು ನನಗೆ ಎಲ್ಲಕ್ಕಿಂತ ಉಪಯುಕ್ತ ಅನ್ನಿಸುವ ಪುಸ್ತಕ, ಬಾರ್ಬಿಯಾನದ ಹುಡುಗರು ಬರೆದ ‘ಒಬ್ಬ ಶಿಕ್ಷಕಿಗೆ ಪತ್ರ’. ಇಟಲಿಯ ಫ್ಲಾರೆನ್ಸ್‌ನಿಂದಾಚೆ ಗುಡ್ಡದ ಮೇಲೆ ಒಂದು ಇಗರ್ಜಿ, ಸುತ್ತ ಬೆರಳೆಣಿಕೆಯ ರೈತರ ಮನೆಗಳು. ಮೇಲಿನವರಿಗೆ ಕಿರಿಕಿರಿಯಾಗಿದ್ದ ಲೊರೆಂಜೊ ಮಿಲಾನಿ ಎಂಬ ಪಾದ್ರಿಯನ್ನು 1954ರ ಡಿಸೆಂಬರಿನಲ್ಲಿ ಅಲ್ಲಿಗೆ ಎತ್ತಂಗಡಿ ಮಾಡಿದರು. ಸಿರಿವಂತರ ಮನೆಯ ಮಗ, ಶಿಕ್ಷೆ ಎಂದು ಕಳಿಸಿದ ಜಾಗದಲ್ಲೇ ಶಾಲೆ ತೆರೆದರು. ಬೇರೆ ಶಾಲೆಗಳಲ್ಲಿ ಫೇಲಾಗಿ ಹೊರಬಿದ್ದ ಹುಡುಗರೇ ಹೆಚ್ಚು. ದೊಡ್ಡವನು ಚಿಕ್ಕವನಿಗೆ ಮೇಷ್ಟ್ರು, ದಿನಪತ್ರಿಕೆಯೇ ಪಠ್ಯ. ಪುಸ್ತಕ ಬಂದದ್ದು 1967ರ ಮೇ ತಿಂಗಳಲ್ಲಿ. ಜೂನ್ 26ಕ್ಕೆ ಮಿಲಾನಿ ತೀರಿಕೊಂಡರು, ವಯಸ್ಸು 44. ಮುಖಪುಟದಲ್ಲಿ ಅವರ ಹೆಸರಿಲ್ಲ, ಬಾರ್ಬಿಯಾನ ಶಾಲೆ ಎಂದಷ್ಟೇ.

ಎಂಟು ಹುಡುಗರು ಸೇರಿ ತಮ್ಮನ್ನು ಫೇಲು ಮಾಡಿದ ಶಿಕ್ಷಕಿಗೆ ಬರೆದ ಪತ್ರ ಅದು. ಬೈಗುಳ ಇದೆ, ಆದರೆ ಬೈಗುಳದ ಬೆನ್ನಿಗೆ ಕೋಷ್ಟಕ ಇದೆ. ಯಾವ ತರಗತಿಯಲ್ಲಿ ಎಷ್ಟು ಮಕ್ಕಳು ಉದುರಿದರು, ಉದುರಿದವರ ಅಪ್ಪಂದಿರ ಕಸುಬೇನು. ವೈದ್ಯರ ಮಗ ಉಳಿಯುತ್ತಾನೆ, ರೈತನ ಮಗ ಉದುರುತ್ತಾನೆ ಎಂಬುದನ್ನು ಅಂಕಿ ಇಟ್ಟು ತೋರಿಸುತ್ತಾರೆ, ಅದೂ ಫೇಲಾಗಿ ಹೊರಬಿದ್ದ ಹುಡುಗರು.

ಈ ಪುಸ್ತಕವನ್ನು ಉದ್ಧರಿಸುವವರು ಸಾಮಾನ್ಯವಾಗಿ ಒಂದೇ ಸಾಲಿಗೆ ನಿಲ್ಲುತ್ತಾರೆ: ಯಾರನ್ನೂ ಫೇಲು ಮಾಡಬೇಡಿ. ಹುಡುಗರು ಕೇಳಿದ್ದು ಮೂರು. ಫೇಲು ಬೇಡ, ಹಿಂದುಳಿದಂತೆ ಕಾಣುವವರಿಗೆ ಇಡೀ ದಿನದ ಶಾಲೆ ಕೊಡಿ, ಮನಸ್ಸಿಲ್ಲದವರಿಗೆ ಒಂದು ಗುರಿ ಕೊಡಿ. ಎರಡನೆಯದರ ತೂಕ ನೋಡಿ. ಬಾರ್ಬಿಯಾನದಲ್ಲಿ ದಿನಕ್ಕೆ 12 ಗಂಟೆ, ವರ್ಷಕ್ಕೆ 365 ದಿನ ಶಾಲೆ. ಗುಣಿಸಿದರೆ 4380 ಗಂಟೆ. ನಮ್ಮ 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 8ನೇ ತರಗತಿಗೆ ಕೇಳುವುದು 220 ದಿನ, 1000 ಗಂಟೆ. ಅದೇ ಕಾಯ್ದೆ ಫೇಲು ಮಾಡುವುದನ್ನೂ ನಿಲ್ಲಿಸಿತ್ತು, 2019ರ ತಿದ್ದುಪಡಿ 5 ಮತ್ತು 8ನೇ ತರಗತಿಗೆ ಮತ್ತೆ ಬಾಗಿಲು ತೆರೆಯಿತು. ನಮ್ಮಲ್ಲಿ ಬೋರ್ಡ್ ಪರೀಕ್ಷೆಯ ಜಗಳ 2024ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಎರಡೂ ಕಡೆಯವರು ವಾದಿಸಿದ್ದು ಪರೀಕ್ಷೆಯ ಸುತ್ತ. ಹಿಂದುಳಿದ ಮಗುವಿಗೆ ಹೆಚ್ಚುವರಿ ಗಂಟೆ ಎಲ್ಲಿಂದ ತರುವುದು, ಯಾರು ಕೂರುವುದು ಎಂಬ ಲೆಕ್ಕ ಮೂಲೆಗೆ ಬಿತ್ತು. 4380 ಗಂಟೆಯೂ ಪ್ರಶ್ನೆಯಿಲ್ಲದೆ ಒಪ್ಪುವಂಥದ್ದಲ್ಲ ಬಿಡಿ. ಮಿಲಾನಿ ಆಟವನ್ನು ಸಮಯ ಹಾಳು ಅಂದುಕೊಂಡಿದ್ದ ಮನುಷ್ಯ, ಅದು ನನಗೆ ಹಿಡಿಸುವುದಿಲ್ಲ.

ಹಿಡಿಸುವುದು ಆ ಪತ್ರ ಬರೆದ ರೀತಿ. 1963ರಲ್ಲಿ ಮಾರಿಯೊ ಲೋದಿ ಎಂಬ ಮೇಷ್ಟ್ರು ಬಾರ್ಬಿಯಾನಕ್ಕೆ ಬಂದು ಹೋದ ಮೇಲೆ ಎರಡು ಶಾಲೆಗಳ ಮಕ್ಕಳ ನಡುವೆ ಪತ್ರ ವ್ಯವಹಾರ ಶುರುವಾಗಿ ಈ ಗುಂಪು ಬರವಣಿಗೆ ಗಟ್ಟಿಯಾಯಿತು. ವಿಧಾನವನ್ನು ಹುಡುಗರು ಪುಸ್ತಕದಲ್ಲೇ ಬಿಚ್ಚಿಟ್ಟಿದ್ದಾರೆ. ಎಲ್ಲರ ಜೇಬಿನಲ್ಲೂ ಒಂದು ಸಣ್ಣ ಪುಸ್ತಕ. ಏನು ಹೊಳೆದರೂ ಒಂದು ಚೀಟಿಗೆ, ಒಂದೇ ಮಗ್ಗುಲಿಗೆ, ಒಂದೇ ವಿಚಾರ. ಒಂದು ದಿನ ಎಲ್ಲ ಚೀಟಿಗಳನ್ನೂ ದೊಡ್ಡ ಮೇಜಿನ ಮೇಲೆ ಸುರಿದು ಒಂದೊಂದಾಗಿ ಓದಿ, ಎರಡು ಸಲ ಬಂದದ್ದನ್ನು ತೆಗೆಯುವುದು. ಹೋಲುವ ಚೀಟಿಗಳ ರಾಶಿ ಮಾಡಿದರೆ ಅವು ಅಧ್ಯಾಯ. ಪ್ರತಿ ರಾಶಿಯನ್ನು ಸಣ್ಣ ಗುಡ್ಡೆಗಳಾಗಿ ಒಡೆದರೆ ಅವು ಪ್ಯಾರಾ. ಪ್ರತಿ ಗುಡ್ಡೆಗೂ ಹೆಸರಿಡಬೇಕು. ಹೆಸರು ಹೊಳೆಯದಿದ್ದರೆ ಒಂದೋ ಅದರಲ್ಲಿ ಏನೂ ಇಲ್ಲ, ಅಥವಾ ಎರಡು ವಿಷಯ ಬೆರೆತಿದೆ.

ಇದನ್ನು ಊರಿನ ಕೆರೆಯ ಬಗ್ಗೆಯೋ ಸಂತೆಯ ಬಗ್ಗೆಯೋ ಶಾಲೆ ಬಿಟ್ಟವರ ಬಗ್ಗೆಯೋ ಎಂಟನೇ ತರಗತಿಯ ಮಕ್ಕಳಿಂದ ಮಾಡಿಸಲು ದೊಡ್ಡ ಖರ್ಚಿಲ್ಲ. ಎ4 ಹಾಳೆಯನ್ನು ಮೂರು ಸಲ ಮಡಿಸಿ ಹರಿದರೆ ಎಂಟು ಚೀಟಿ. ಎಂಟು ಮಕ್ಕಳಿಗೆ ತಲಾ ಇಪ್ಪತ್ತು ಎಂದರೂ 20 ಹಾಳೆ ಸಾಕು. ಎಂಟಕ್ಕಿಂತ ಹೆಚ್ಚು ಮಕ್ಕಳು ಒಂದೇ ಮೇಜಿಗೆ ಬೇಡ, ಹಿಂದಿನ ಸಾಲಿನವರು ಆಟಕ್ಕೆ ಎದ್ದುಹೋಗುತ್ತಾರೆ. ಫ್ಯಾನು ಆರಿಸಿ, ಇಲ್ಲದಿದ್ದರೆ ಅರ್ಧ ಗಂಟೆಯ ರಾಶಿ ಒಂದು ಕ್ಷಣಕ್ಕೆ ಹಾರುತ್ತದೆ. ಎರಡೂ ಮಗ್ಗುಲಿಗೆ ಬರೆದ ಚೀಟಿಯನ್ನು ಯಾವ ರಾಶಿಗೆ ಹಾಕುವುದು ತಿಳಿಯದೆ ಜಗಳವಾಗುತ್ತದೆ. ಅದನ್ನು ಅಲ್ಲೇ ಎರಡು ಚೀಟಿಗೆ ಬರೆಸಿ. ಅಕ್ಷರ ಚೆಂದ ಇರುವ ಹುಡುಗಿಗೇ ಎಲ್ಲ ಬರೆಯಲು ಕೊಟ್ಟರೆ ಮೂರನೇ ದಿನಕ್ಕೆ ಅದು ಅವಳ ಪ್ರಬಂಧವಾಗಿರುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ಮೊದಲ ವಾಕ್ಯವನ್ನು ಮೇಷ್ಟ್ರು ಹೇಳಿಕೊಡುವುದು. ‘ನಮ್ಮ ಊರು ಪ್ರಕೃತಿಯ ಮಡಿಲಲ್ಲಿದೆ’ ಎಂದು ಒಂದು ಸಲ ಬಂತೋ, ಮುಂದಿನ ಇಪ್ಪತ್ತು ವಾಕ್ಯವೂ ಅದೇ ಧಾಟಿ.

ಕಡೆಯ ಹಂತ ಕತ್ತರಿ. ಬೇಡದ ಪದ, ಮಾತಿನಲ್ಲಿ ಆಡದ ಪದ, ಒಂದೇ ವಾಕ್ಯದಲ್ಲಿ ಸೇರಿಕೊಂಡ ಎರಡು ವಿಚಾರ ಎಲ್ಲ ಹೋಗಬೇಕು ಎಂಬುದು ಬಾರ್ಬಿಯಾನದ ಕಟ್ಟಳೆ. ಕನ್ನಡದಲ್ಲಿ ಈ ಮೂರನೆಯದು ತುಸು ಮೋಸದ್ದು. ನಮ್ಮ ಭಾಷೆ ‘ಹೋಗಿ, ನೋಡಿ, ಕೇಳಿ, ಬಂದು’ ಎಂದು ಎಷ್ಟು ಕೆಲಸವನ್ನಾದರೂ ಒಂದೇ ವಾಕ್ಯಕ್ಕೆ ಪೋಣಿಸಿಬಿಡುತ್ತದೆ, ಹೊಂದಿಕೆಯಿಲ್ಲದ ಎರಡು ವಿಚಾರ ಒಳಗೆ ಕೂತದ್ದು ಗೊತ್ತೇ ಆಗುವುದಿಲ್ಲ. ಗಟ್ಟಿಯಾಗಿ ಓದಿಸಿ, ಉಸಿರು ಕಟ್ಟಿದಲ್ಲಿ ಕತ್ತರಿಸಿ. ‘ನಿರ್ಮಿಸಲ್ಪಟ್ಟಿತು’ ಬಂದರೆ ಕೇಳಿ, ಕಟ್ಟಿದ್ದು ಯಾರು? ಉತ್ತರ ಗೊತ್ತಿಲ್ಲದಿದ್ದರೆ ಮಕ್ಕಳು ಪಂಚಾಯಿತಿಗೆ ಹೋಗಿ ಕೇಳಿ ಬರಬೇಕು. ಆಮೇಲೆ ಹೊರಗಿನವರಿಂದ ಓದಿಸುವುದು. ಹೆಚ್ಚು ಶಾಲೆ ಕಲಿಯದವರೇ ಆಗಲಿ ಎನ್ನುತ್ತಾರೆ ಹುಡುಗರು. ಅರ್ಥವಾಗಲಿಲ್ಲ ಎಂದರೆ ತಿದ್ದಬೇಕು. ಯಾರಿಗೋ ಬೇಜಾರಾದೀತು, ಮೆತ್ತಗೆ ಬರೆಯಿರಿ ಎಂದರೆ ತಿದ್ದಬಾರದು. ಬಿಸಿಯೂಟದ ಅಕ್ಕನೋ ಬಸ್ಸಿನ ಕಂಡಕ್ಟರೋ ಒಳ್ಳೆಯ ಪರೀಕ್ಷಕರು. ಗಡುವು ಹಾಕಬೇಡಿ ಎಂದೂ ಹೇಳಿದ್ದಾರೆ, ಅದನ್ನು ವಾರ್ಷಿಕೋತ್ಸವದ ಸಂಚಿಕೆಗೆ ಕಟ್ಟಿಹಾಕಿದಲ್ಲಿಗೆ ಮುಗಿಯಿತು.

ಎಲ್ಲಿ ತಳ ಹಿಡಿಯಿತು ಎಂಬುದನ್ನು ಬರೆದುಕೊಂಡ ಪುಸ್ತಕಗಳು ಕಡಿಮೆ. ಹತ್ತಿರದಲ್ಲಿ ಒಂದಿದೆ: ಗುಜರಾತಿನ ಭಾವನಗರದಲ್ಲಿ ಮಕ್ಕಳ ಶಾಲೆ ನಡೆಸಿದ ಗಿಜುಭಾಯಿ ಬಧೇಕರ ‘ದಿವಾಸ್ವಪ್ನ’. ಹೆಸರೇ ಹೇಳುವಂತೆ ಮೇಷ್ಟ್ರೂ ನಾಲ್ಕನೇ ತರಗತಿಯೂ ಕಲ್ಪನೆಯವು, ಆದರೆ ಕಲ್ಪಿಸಿಕೊಂಡವರಿಗೆ ತರಗತಿ ಗೊತ್ತಿತ್ತು. ರಾತ್ರಿಯಿಡೀ ಯೋಜನೆ ಬರೆದುಕೊಂಡು ಬಂದ ಹೊಸ ಮೇಷ್ಟ್ರು ಮೊದಲ ದಿನ ಮೌನದ ಆಟ ಆಡಿಸುತ್ತಾರೆ. ಕೋಣೆ ಕತ್ತಲು ಮಾಡಿ ಎಲ್ಲರೂ ಸುಮ್ಮನೆ ಕೂರಿ ಎನ್ನುತ್ತಾರೆ. ಒಬ್ಬ ಬೆಕ್ಕಿನಂತೆ ಕೂಗುತ್ತಾನೆ, ಇನ್ನೊಬ್ಬ ಚಪ್ಪಾಳೆ ತಟ್ಟುತ್ತಾನೆ, ಮತ್ತೊಬ್ಬ ಕಾಲು ಬಡಿಯುತ್ತಾನೆ. ಮೇಷ್ಟ್ರು ಸೋತು ಮಕ್ಕಳನ್ನು ಮನೆಗೆ ಕಳಿಸುತ್ತಾರೆ. ಮಾರನೆಯ ದಿನ ಯೋಜನೆಯ ಪುಸ್ತಕ ಪಕ್ಕಕ್ಕಿಟ್ಟು, ಒಬ್ಬ ರಾಜ ಇದ್ದ, ಅವನಿಗೆ ಏಳು ಜನ ರಾಣಿಯರು ಎಂದು ಶುರು ಮಾಡುತ್ತಾರೆ. ಬೆಕ್ಕು ಕೂಗಿದವನೂ ಹತ್ತಿರ ಸರಿದು ಕೂರುತ್ತಾನೆ.