ಸ್ಪಷ್ಟನೆ: ಕೆನಡಿ ಹತ್ಯೆ ಮತ್ತು 5.6 ಸೆಕೆಂಡಿನ ಲೆಕ್ಕ

ಕೈಲ್ ಪೊಳ್ದ್ ಹಬ್ಬದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳ ಹೊತ್ತಿಗೆ ಕೊಡಗಿನ ಕೋವಿಪ್ರಿಯರ ಮೊಬೈಲ್‌ಗಳಲ್ಲಿ ಅಮೆರಿಕದ ಅಧ್ಯಕ್ಷ ಜಾನ್ ಎಫ್. ಕೆನಡಿ ಹತ್ಯೆಯ ಬಗ್ಗೆ ಒಂದು ಸಂದೇಶ ಓಡಾಡುತ್ತಿದೆ: ‘1963ರಲ್ಲಿ ಕೆನಡಿಯನ್ನು ಕೊಂದ ಬೋಲ್ಟ್ ರೈಫಲ್‌ಗೆ ಗುಂಡೊಂದಕ್ಕೆ 2.3 ಸೆಕೆಂಡು ಬೇಕು. ಮೂರಕ್ಕೆ 6.9. ಸಿಕ್ಕಿದ್ದು 5.6 ಮಾತ್ರ. ಹಾಗಾಗಿ ಹಿಂದೆ ಬಲಾಢ್ಯರ ಕೈವಾಡವಿದೆ.’

ಈ ಲೆಕ್ಕ ತಪ್ಪು. ಮೊದಲ ತೋಟಾ ಆಗಲೇ ಚೇಂಬರಿನಲ್ಲಿ, ಅಂದರೆ ನಳಿಗೆಯ ಹಿಂಬದಿಯ ಗೂಡಿನಲ್ಲಿ, ಇರುತ್ತದೆ. ಸಮಯ ಎಣಿಸುವುದು ಅದು ಸಿಡಿದ ಮೇಲೆ. ಬೋಲ್ಟ್ ಎಂಬ ಕೀಲಿನ ಹಿಡಿ ಎತ್ತಿ, ಹಿಂದಕ್ಕೆಳೆದು, ಖಾಲಿ ತೋಟಾ ಹಾರಿದ ಮೇಲೆ ಮುಂದಕ್ಕೆ ತಳ್ಳಿ, ಹಿಡಿ ಇಳಿಸಿ ಮತ್ತೆ ಗುರಿ ಹಿಡಿಯುವ ಕೆಲಸ ಎರಡೇ ಸಲ. ಅಂದರೆ 4.6 ಸೆಕೆಂಡು. ಮೇಲಾಗಿ ಹತ್ಯೆಯ ತನಿಖೆ ನಡೆಸಿದ ವಾರನ್ ಆಯೋಗ ಹೇಳಿದ 4.8ರಿಂದ 5.6 ಸೆಕೆಂಡು, ಮೂರರಲ್ಲಿ ತಗುಲಿದ ಎರಡು ಗುಂಡುಗಳ ನಡುವಿನ ಅಂತರ. ತಪ್ಪಿದ್ದು ಮೊದಲ ಗುಂಡಾಗಿದ್ದರೆ ಸಮಯ ಇನ್ನೂ ಹೆಚ್ಚು ಸಿಗುತ್ತದೆ. ತಲೆಗೆ ಬಿದ್ದ ಗುಂಡಿನ ದೂರವೂ ಸುಮಾರು 81 ಮೀಟರ್ ಅಷ್ಟೇ.

1979ರಲ್ಲಿ ಅಮೆರಿಕ ಸಂಸತ್ತಿನ ಸಮಿತಿ ‘ಬಹುಶಃ ಸಂಚು’ ಎಂದದ್ದು ನಿಜ. ಅದರ ಮುಖ್ಯ ಆಧಾರ ಪೊಲೀಸ್ ರೇಡಿಯೊ ಧ್ವನಿಮುದ್ರಣ. ಅದರಲ್ಲಿ ಗುಂಡಿನದೆಂದು ಸಮಿತಿ ನಂಬಿದ್ದ ಸದ್ದುಗಳು ಹತ್ಯೆಯಾಗಿ ಸುಮಾರು ಒಂದು ನಿಮಿಷದ ನಂತರದವು ಎಂದು 1982ರಲ್ಲಿ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ತಜ್ಞರು ತೋರಿಸಿದರು.

ಕ್ಯೂಬಾದ ನಾಯಕ ಕ್ಯಾಸ್ಟ್ರೊ ಹತ್ಯೆಗೆ ತಾನು ಹೂಡಿದ್ದ ಸಂಚುಗಳನ್ನು ಅಮೆರಿಕದ ಬೇಹುಗಾರಿಕೆ ಸಂಸ್ಥೆ ಸಿಐಎ ವಾರನ್ ಆಯೋಗಕ್ಕೆ ತಿಳಿಸಲಿಲ್ಲ. ಪ್ರಶ್ನೆ ಕೇಳುವವರು ಅಲ್ಲಿಂದ ಶುರುಮಾಡಲಿ. ಬೋಲ್ಟಿನ ಲೆಕ್ಕವನ್ನು ದಯವಿಟ್ಟು ಮುಂದಕ್ಕೆ ಕಳಿಸಬೇಡಿ.