ಮಾತ್ರೆ ಒಂದು, ಹೆಸರು ಹತ್ತು

ನಿನ್ನೆ ಸಂಜೆ ಪಿ.ಜೆ. ಬಡಾವಣೆಯ ಮೆಡಿಕಲ್ ಶಾಪಿನಲ್ಲಿ ನನ್ನ ಮಾನ ಹೋಯಿತು. ಮಾವ ಕುಡಿತ ಬಿಟ್ಟು ನಾಲ್ಕು ತಿಂಗಳು. ಅವರ ಮಾತ್ರೆ ಅಕಾಂಪ್ರೋಸೇಟ್, 333 ಮಿಲಿಗ್ರಾಂ, ದಿನಕ್ಕೆ ಆರು. ಚೀಟಿಯಲ್ಲಿ ಮಾತ್ರ ಯಾವುದೋ ಕಂಪನಿ ಇಟ್ಟ ಹೆಸರು. ಅಂಗಡಿ ಹುಡುಗ 'ಅದು ಸ್ಟಾಕಿಲ್ಲ' ಅಂದ. ಅಕಾಂಪ್ರೋಸೇಟ್ ಯಾವುದಾದರೂ ಕೊಡಪ್ಪ ಅಂದೆ. 'ಏನು?' ಅಂದ. ಮೂರು ಸಲ ಬಿಡಿಸಿ ಹೇಳಿದ ಮೇಲೆ, ಪಕ್ಕದ ಮನೆ ಆಂಟಿ ಬಿ.ಪಿ. ಮಾತ್ರೆಗೆ ಅಲ್ಲೇ ಕಾಯುತ್ತಾ ನಿಂತಿರುವಾಗಲೇ, 'ಓ, ಕುಡಿಯೋದು ಬಿಡ್ಸೋ ಮಾತ್ರೆನಾ?' ಅಂತ ಮಂಡಿಪೇಟೆಗೂ ಕೇಳುವ ಹಾಗೆ ಕೂಗಿದ.

ಔಷಧಿಗೆ ಎಲ್ಲಾ ದೇಶದಲ್ಲೂ ಒಂದೇ ಹೆಸರಿರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ 1953ರಿಂದ ಪಟ್ಟಿ ಹೊರಡಿಸುತ್ತಲೇ ಇದೆ. ಆ ಹೆಸರು ಬ್ರಾಂಡ್ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿರಬೇಕು ಅಂತ ನಮ್ಮಲ್ಲೂ 2018ರಲ್ಲಿ ನಿಯಮ ಬಂತು. ಬಂದು ಏನಾಯಿತು? ಸ್ಟ್ರಿಪ್ಪಿಗೆ ಕತ್ತರಿ ಹಾಕುವಾಗ ಮೊದಲು ಹೋಗುವುದೇ ಹೆಸರು! ಮಾವನ ಮಾತ್ರೆಯ ಪೂರ್ತಿ ಹೆಸರು ಅಕಾಂಪ್ರೋಸೇಟ್ ಕ್ಯಾಲ್ಸಿಯಂ; ಹೋದ ತಿಂಗಳು ಮನೆಗೆ ಬಂದ ತುಂಡಿನಲ್ಲಿ ಉಳಿದಿದ್ದು '...ಸೇಟ್ ಕ್ಯಾಲ್ಸಿಯಂ' ಅಷ್ಟೇ. ಅತ್ತೆ ಕನ್ನಡಕ ಏರಿಸಿ, ದೀಪದ ಕೆಳಗೆ ಹಿಡಿದು ಓದಿ, 'ಕ್ಯಾಲ್ಸಿಯಂ ಅಲ್ವಾ, ನನ್ನ ಮಂಡಿನೋವಿಗೂ ಒಂದು ಕೊಡು' ಅಂದರು. ಏನು ಹೇಳಲಿ?

ಮಾವ ಕುಡಿಯುವಾಗ ಈ ಫಜೀತಿ ಇತ್ತಾ? ವೈನ್ ಶಾಪಿನವನು ಹೆಸರೂ ಕೇಳದೆ, ಮುಖ ನೋಡಿಯೇ ಕ್ವಾರ್ಟರ್ ಕೈಗಿಡುತ್ತಿದ್ದ.