ಶಾಸಕರ ಮನಸ್ಸಿಗೆ ತಾಗುವುದು ಯಾವುದು: ಕೈಬರಹದ ಕಾಗದವೋ, ಅಚ್ಚು ಹಾಕಿಸಿದ ಮನವಿಯೋ?

ಕಾಗದದ ಪರ

ನಮ್ಮೂರಿಗೂ ಶಾಲೆಗೂ ನಡುವೆ ಒಂದು ಹಳ್ಳ. ಮಳೆಗಾಲದಲ್ಲಿ ಅದನ್ನು ದಾಟಲು ಇದ್ದದ್ದು ಅಡಿಕೆ ಮರದ ಸಂಕ. ಎರಡು ಮರ, ಹಿಡಿಯಲು ಒಂದು ಹಗ್ಗ. ನಾಲ್ಕು ವರ್ಷ ಊರವರೆಲ್ಲ ಸೇರಿ ಮನವಿ ಕೊಟ್ಟರು. ಡಿಟಿಪಿ ಅಂಗಡಿಯಲ್ಲಿ ಹೊಡೆಸಿದ್ದು, ಪ್ರತಿ ವರ್ಷ ಅದೇ ಒಕ್ಕಣೆ: ‘ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’. ಕೆಳಗೆ ನೂರಿಪ್ಪತ್ತು ಸಹಿ. ಶಾಸಕರು ಅಂಚಿನಲ್ಲಿ ‘ಪರಿಶೀಲಿಸಿ’ ಅಂತ ಷರಾ ಬರೆದರು. ಒಂದು ಫೋಟೊ ಆಯಿತು. ಅಷ್ಟೇ.

ಐದನೇ ವರ್ಷ ಅಮ್ಮ ಯಾರಿಗೂ ಹೇಳದೆ ಒಂದು ಇನ್‌ಲ್ಯಾಂಡ್ ಲೆಟರ್ ತಂದಳು. ಓದಿದ್ದು ಏಳನೇ ಕ್ಲಾಸು. ರಾತ್ರಿ ಊಟವಾದ ಮೇಲೆ ನನ್ನ ಪೆನ್ನು ಇಸ್ಕೊಂಡು ಬರೆದಳು. ‘ಮಗಳು ಆಚೆ ದಡ ಮುಟ್ಟುವವರೆಗೆ ನಾನು ಇಲ್ಲೇ ನಿಂತಿರುತ್ತೇನೆ. ನಾಲ್ಕು ಗಂಟೆಗೆ ಮತ್ತೆ ಬಂದು ನಿಲ್ಲುತ್ತೇನೆ. ಮಳೆ ಜೋರಾದರೆ ಮಧ್ಯಾಹ್ನವೇ ಬರುತ್ತೇನೆ. ಗದ್ದೆ ಕೆಲಸ ಹಾಗೇ ಉಳಿಯುತ್ತದೆ ಸ್ವಾಮಿ.’ ಮಡಚಿ, ಅನ್ನದ ಅಗುಳಿನಿಂದ ಅಂಟಿಸಿದಳು.

ಹದಿನೈದು ದಿನಕ್ಕೆ ಶಾಸಕರ ಪಿಎ ಪಕ್ಕದ ಮನೆಗೆ ಫೋನ್ ಮಾಡಿದರು. ‘ಆ ಹೆಂಗಸು ಯಾರು? ಹಳ್ಳ ಎಲ್ಲಿ?’ ಇಂಜಿನಿಯರ್ ಟೇಪು ಹಿಡಿದು ಬಂದರು. ಮುಂದಿನ ಬೇಸಿಗೆಯಲ್ಲಿ ಕಾಲುಸಂಕ ಆಯಿತು. ನೂರಿಪ್ಪತ್ತು ಸಹಿ ಮಾಡದ್ದನ್ನು ಒಂದು ಕಾಗದ ಮಾಡಿತು, ಅಲ್ವಾ?

ಒಂದೇ ಒಕ್ಕಣೆಯ ಅರ್ಜಿ ಎಷ್ಟಿದ್ದರೂ ಅಷ್ಟೇ. ಕೆಲವೇ ಜಾಲತಾಣಗಳನ್ನು ಡೇಟಾ ಖರ್ಚಿಲ್ಲದೆ ಕೊಡುವ ಫೇಸ್‌ಬುಕ್ಕಿನ ಯೋಜನೆ ಫ್ರೀ ಬೇಸಿಕ್ಸ್. 2015ರ ಕೊನೆಯಲ್ಲಿ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ಇಂಥ ಯೋಜನೆಗಳ ಬಗ್ಗೆ ಜನರ ಅಭಿಪ್ರಾಯ ಕೇಳಿದಾಗ, ಅದರ ಪರವಾಗಿ ಲಕ್ಷಗಟ್ಟಲೆ ಸಿದ್ಧ ಉತ್ತರ ಹೋದವು. ನಾವು ಕೇಳಿದ ಪ್ರಶ್ನೆಗೆ ಇದು ಉತ್ತರವಲ್ಲ ಎಂದಿತು ಟ್ರಾಯ್. 2016ರ ಫೆಬ್ರವರಿಯಲ್ಲಿ ಆದೇಶವೂ ಅದರ ವಿರುದ್ಧವೇ ಬಂತು. ಸುಮ್ನೆ ಗುಂಡಿ ಒತ್ತುವವರಿಗೆ ತಾವು ಏನು ಕೇಳುತ್ತಿದ್ದೇವೆ ಅನ್ನುವುದೇ ಗೊತ್ತಿರುವುದಿಲ್ಲ.

ಮನವಿಯ ಪರ

ಕೈಬರಹದ ಕಾಗದ ನನಗೂ ಇಷ್ಟ. ಶಾಸಕರು ಅದನ್ನು ಓದುತ್ತಾರೆ ಅನ್ನುವುದನ್ನೂ ಒಪ್ಪುತ್ತೇನೆ. ಆದರೆ ಊರಿನ ಒಂದು ಕೆಲಸ ಬೇರೆ, ಇಡೀ ನಾಡಿನ ನೀತಿ ಬೇರೆ. ಅಲ್ಲಿ ತಲೆ ಎಣಿಸುತ್ತಾರೆ. ಅದೇ 2015ರ ಏಪ್ರಿಲ್‌ನಲ್ಲಿ ನೆಟ್ ನ್ಯೂಟ್ರಾಲಿಟಿ, ಅಂದರೆ ಅಂತರ್ಜಾಲದಲ್ಲಿ ಎಲ್ಲ ತಾಣಗಳಿಗೂ ಸಮಾನ ಅವಕಾಶ, ಬೇಕೆಂದು ಟ್ರಾಯ್‌ಗೆ 10 ಲಕ್ಷದಷ್ಟು ಇಮೇಲ್ ಹೋದವು. ಅವೂ ಹೆಚ್ಚಿನವು ಸಿದ್ಧ ಒಕ್ಕಣೆಯವೇ. ವಿಷಯ ಸಂಸತ್ತಿನವರೆಗೂ ಹೋಯಿತು.

ಇನ್ನೊಂದು ಮಾತು. ಒಬ್ಬರೇ ಬರೆದರೆ ಹೆಸರು ಗೊತ್ತಾಗುತ್ತದೆ. ಮನೆ ಮಂಜೂರಾತಿ, ಪಿಂಚಣಿ ಎಲ್ಲಕ್ಕೂ ಅದೇ ಶಾಸಕರು, ಅಧಿಕಾರಿಗಳ ಹತ್ತಿರ ಹೋಗಬೇಕು. ಹಾಗಾಗಿ ಒಬ್ಬರೇ ಬರೆಯಲು ಜನ ಹೆದರುತ್ತಾರೆ. ನಮ್ಮ ಬೀದಿಯ ಮದ್ಯದಂಗಡಿ ತೆಗೆಸಿ ಅಂತ ಮನವಿ ಹಿಡಿದು ಮನೆಮನೆಗೆ ಹೋಗಿದ್ದೆ. ಮೊದಲ ಮೂರು ಮನೆಯಲ್ಲಿ, ‘ಬೇರೆ ಯಾರು ಹಾಕಿದ್ದಾರೆ?’ ಅಂತ ಕೇಳಿದರು. ಹಾಳೆ ಅರ್ಧ ತುಂಬಿದ ಮೇಲೆ ಯಾರೂ ಕೇಳಲಿಲ್ಲ. ಕೊನೆಯ ಮನೆಯ ಅಜ್ಜಿ ತಾನೇ ಕರೆದು ಹೆಬ್ಬೆಟ್ಟು ಒತ್ತಿದರು. ಶಾಯಿಯನ್ನು ಸೆರಗಿಗೆ ಒರೆಸಿಕೊಂಡು, ‘ನನ್ನದು ಕಾಣ್ತದಾ?’ ಅಂದರು.